ಸದ್ದಿನಲ್ಲಿ ನೆಂಟರು, ಅರ್ಥದಲ್ಲಿ ದೂರದವರು: ಜೋಡಿಪದಗಳ ವಾಕ್ಯದಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರದ ಸಂಜೆಗಳಲ್ಲಿ ಓಣಿಯ ಮಕ್ಕಳೂ ಅವರನ್ನು ಕರೆತರುವ ಅಜ್ಜ-ಅಜ್ಜಿಯರೂ ಸೇರಿ ಆಡುತ್ತ ಬಂದಿರುವ ಆಟವಿದು. ನೋಡಲು ಬಂದ ತಂದೆತಾಯಂದಿರು ಮತ್ತು ಶಿಕ್ಷಕರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಆಟವೆಂದರೆ ಏನು?

ಕಿವಿಗೆ ಹೆಚ್ಚುಕಡಿಮೆ ಒಂದೇ ಎನ್ನಿಸುವ, ಆದರೆ ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲದ ಎರಡು ಪದಗಳನ್ನು ಒಬ್ಬರು ಹೇಳುತ್ತಾರೆ. ಎದುರಿಗೆ ಕುಳಿತವರು ಆ ಎರಡನ್ನೂ ಒಂದೇ ವಾಕ್ಯದಲ್ಲಿ, ಅರ್ಥ ಕೆಡದಂತೆ ಸೇರಿಸಿ ಹೇಳಬೇಕು. ಹಳ್ಳಿ–ಹಲ್ಲಿ, ಬಳೆ–ಬಲೆ, ಅಣ್ಣ–ಅನ್ನ, ಕತೆ–ಕತ್ತೆ ಇಂಥ ಜೋಡಿಗಳು. ಶಾಲೆಯ ಪುಸ್ತಕದಲ್ಲಿ ಪಾಠದ ಕೊನೆಗೆ ಬರುವ ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಅಭ್ಯಾಸಕ್ಕೆ ಇದು ಚಿಕ್ಕಮ್ಮನ ಮಗಳಿದ್ದಂತೆ. ಅಲ್ಲಿ ಒಂದು ಪದವನ್ನು ಹೇಗೋ ಸಾಗಹಾಕಬಹುದು. ಇಲ್ಲಿ ಪರಸ್ಪರ ಮುಖ ನೋಡದ ಇಬ್ಬರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಬೇಕು.

ಪದಬಂಡಿ ಮತ್ತು ಅಂತ್ಯಾಕ್ಷರಿಗಳಿಂದ ಇದು ಬೇರೆ. ಅವು ಕೊನೆಯ ಅಕ್ಷರವನ್ನು ಹಿಡಿದು ಓಡುವ ಆಟಗಳು, ಅಲ್ಲಿ ನೆನಪು ಚುರುಕಾಗಿದ್ದರೆ ಸಾಕು, ಅರ್ಥವನ್ನು ಯಾರೂ ವಿಚಾರಿಸುವುದಿಲ್ಲ.

ಎಷ್ಟು ಮಂದಿ ಬೇಕು? ಸಾಮಾನು ಏನು ಬೇಕು?

ಇಬ್ಬರಿದ್ದರೂ ಆಡಬಹುದು, ಹತ್ತು ಮಂದಿಯಾದರೆ ಕಾಯುವುದೇ ಹೆಚ್ಚಾಗಿ ಬೇಸರ ಬರುತ್ತದೆ. ಒಂದು ಹಲಗೆ, ಸೀಮೆಸುಣ್ಣ ಮತ್ತು ಅಂಕ ಎಣಿಸಲು ಒಂದು ಹಿಡಿ ಹುಣಸೆಬೀಜ ಇದ್ದರೆ ಸಾಕು.

ಯಾವ ಜೋಡಿಗಳಿಂದ ಆರಂಭಿಸುವುದು ಒಳ್ಳೆಯದು?

ಲ–ಳ ಜೋಡಿಗಳಿಂದ. ಕನ್ನಡದಲ್ಲಿ ಇವುಗಳಿಗೆ ಬರವಿಲ್ಲ: ಕಾಲು–ಕಾಳು, ಹಾಲು–ಹಾಳು, ಎಲೆ–ಎಳೆ, ಗಾಲಿ–ಗಾಳಿ, ಆಲ–ಆಳ, ಬೆಲೆ–ಬೆಳೆ, ಮಲೆ–ಮಳೆ. ಲಕಾರವನ್ನು ನುಡಿಯುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಗಲುತ್ತದೆ, ಳಕಾರಕ್ಕೆ ಅದೇ ತುದಿ ಹಿಂದಕ್ಕೆ ಮಡಚಿ ಬಾಯಿಯ ಅಂಗುಳವನ್ನು ಮುಟ್ಟುತ್ತದೆ. ಮಕ್ಕಳಿಗೆ ಈ ವಿವರಣೆ ಬೇಡ. ಕನ್ನಡಿಯ ಮುಂದೆ ನಿಲ್ಲಿಸಿ ‘ಗಾಲಿ, ಗಾಳಿ’ ಎಂದು ನಿಧಾನವಾಗಿ ಹೇಳಿಸಿದರೆ ತಮ್ಮ ನಾಲಿಗೆಯ ಚಲನೆಯನ್ನು ತಾವೇ ನೋಡಿ ನಗುತ್ತಾರೆ.

ಆಮೇಲೆ ನ–ಣ ಜೋಡಿಗಳು: ಮನೆ–ಮಣೆ, ಅನ್ನ–ಅಣ್ಣ, ಕೋನ–ಕೋಣ. ನಾಲಿಗೆಯ ಕಸರತ್ತು ಇಲ್ಲಿಯೂ ಅದೇ. ಕನ್ನಡದ ಪದಗಳು ಳಕಾರದಿಂದಾಗಲಿ ಣಕಾರದಿಂದಾಗಲಿ ಆರಂಭವಾಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಟ್ಟರೆ, ಜೋಡಿ ಹುಡುಕುವಾಗ ಪದದ ನಡುವಿಗೆ ಕಿವಿ ಕೊಡಬೇಕೆಂದು ಅವರಿಗೆ ತಿಳಿಯುತ್ತದೆ.

ಮೂರನೆಯದು ಹ್ರಸ್ವ–ದೀರ್ಘದ ಜೋಡಿ: ಕರು–ಕಾರು, ಕೊಡು–ಕೋಡು, ಮರ–ಮಾರ. ನಾಲ್ಕನೆಯದು ಒತ್ತಕ್ಷರದ ಜೋಡಿ: ಕತೆ–ಕತ್ತೆ, ಗಿಡ–ಗಿಡ್ಡ, ಅಡಿ–ಅಡ್ಡಿ. ಇವು ಸುಲಭವೆಂದು ದೊಡ್ಡವರು ಭಾವಿಸುತ್ತಾರೆ, ಆದರೆ ಉಕ್ತಲೇಖನದಲ್ಲಿ ಮಕ್ಕಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಆರಂಭದ ದಿನ ನಾನು ಒಂದು ತಪ್ಪು ಮಾಡಿದೆ. ಹಲಗೆಯ ತುಂಬ ಜೋಡಿಗಳನ್ನು ಬರೆದಿಟ್ಟು ಒಂದೊಂದಾಗಿ ತೋರಿಸುತ್ತ ಹೋದೆ. ಮಕ್ಕಳು ಪಾಠವೆಂದೇ ತಿಳಿದು ಆಕಳಿಸಿದರು. ಜೋಡಿಯನ್ನು ಬರೆದು ತೋರಿಸಬಾರದು, ಬಾಯಲ್ಲಿ ಹೇಳಬೇಕು. ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದನ್ನು ಕಿವಿಯಿಂದ ಬೇರ್ಪಡಿಸುವ ಶ್ರಮವೇ ಆಟದ ಅರ್ಧ ರುಚಿ.

ವಾಕ್ಯದಲ್ಲಿ ‘ಮತ್ತು’ ಬಳಸಬಾರದು ಎಂಬ ನಿಯಮ ಏಕೆ?

ಅತಿ ಹೆಚ್ಚು ಆಕ್ಷೇಪ ಬಂದಿರುವುದು ಈ ನಿಯಮಕ್ಕೆ. ನಾನು ಬಿಟ್ಟುಕೊಡದ ನಿಯಮವೂ ಇದೊಂದೇ. ‘ನಾನು ಹಳ್ಳಿ ಮತ್ತು ಹಲ್ಲಿಯನ್ನು ನೋಡಿದೆ’ ಎಂದರೆ ವಾಕ್ಯವೇನೋ ಆಯಿತು, ಆದರೆ ಅಲ್ಲಿ ಎರಡು ಪದಗಳು ಒಂದೇ ಚೀಲದಲ್ಲಿ ಬಿದ್ದಿವೆಯೇ ಹೊರತು ಒಂದಕ್ಕೊಂದು ಮಾತಾಡಿಲ್ಲ. ಇಂಥದ್ದನ್ನು ನಮ್ಮ ಮಕ್ಕಳು ‘ಮೂಟೆ ವಾಕ್ಯ’ ಎಂದು ಕರೆಯುತ್ತಾರೆ. ‘ಹಳ್ಳಿಯನ್ನೂ ಹಲ್ಲಿಯನ್ನೂ’ ಎಂದು ಊಕಾರ ಎಳೆದರೂ ಅದು ಮೂಟೆಯೇ.

ಒಂದು ಪದ ಇನ್ನೊಂದು ಪದಕ್ಕೆ ಕಾರಣವಾಗಬೇಕು, ಅಡ್ಡಿಯಾಗಬೇಕು, ಆಸರೆಯಾಗಬೇಕು ಅಥವಾ ಕನಿಷ್ಠ ಒಂದೇ ಘಟನೆಯೊಳಗೆ ಎರಡಕ್ಕೂ ಕೆಲಸವಿರಬೇಕು. ‘ಮಲೆಯಲ್ಲಿ ಮಳೆಯಾದರೆ ನಮ್ಮ ಗದ್ದೆಗೆ ನೀರು’ ಎಂದು ಭದ್ರಾ ಕಾಲುವೆಯ ಅಂಚಿನ ಊರಿನಿಂದ ಬರುವ ಹುಡುಗಿಯೊಬ್ಬಳು ಹೇಳಿದಾಗ ಆ ಎರಡು ಪದಗಳ ನಡುವೆ ಲಕ್ಕವಳ್ಳಿಯ ಅಣೆಕಟ್ಟಿನಿಂದ ದಾವಣಗೆರೆಯ ಭತ್ತದ ಗದ್ದೆಯವರೆಗಿನ ದಾರಿಯೆಲ್ಲ ಇತ್ತು. ಮಲೆ ಎಂಬ ಪದ ಮಲೆನಾಡಿನೊಳಗೆ ಕುಳಿತಿದೆ ಎಂಬುದನ್ನೂ ಅಂದು ಉಳಿದವರು ಗಮನಿಸಿದರು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿಬಂದ ಇನ್ನೊಬ್ಬನ ವಾಕ್ಯ: ‘ಗಾಳಿ ರಜೆ ಹಾಕಿದ ದಿನ ಗುಡ್ಡದ ಗಾಲಿಗೂ ರಜೆ.’

ಇನ್ನೊಂದು ವಾಕ್ಯವನ್ನು ಹೇಳದೆ ಮುಂದೆ ಹೋಗಲಾರೆ. ಅಣ್ಣ–ಅನ್ನ ಜೋಡಿ ಬಂದಾಗ ಎಲ್ಲರೂ ‘ಅಣ್ಣ ಅನ್ನ ಉಂಡ’ ಎನ್ನುತ್ತಾರೆ; ಅದು ಸರಿಯೇ, ಒಂದು ಬೀಜ ಸಲ್ಲುತ್ತದೆ. ಮೊಮ್ಮಗನ ಜೊತೆ ಬಂದು ಗೋಡೆಗೊರಗಿ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಸರದಿ ಬಂದಾಗ, ‘ಅನ್ನ ಸಾಲದ ದಿನವೇ ನಮ್ಮಣ್ಣನಿಗೆ ಹೊಟ್ಟೆನೋವು ಬರುತ್ತಿತ್ತು’ ಎಂದರು. ಚಿಕ್ಕವರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಂದು ಆಟ ಅಲ್ಲಿಗೇ ನಿಂತಿತು.

ವಾಕ್ಯ ಚೆನ್ನಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಹೇಗೆ?

ನಾವು ಅದಲುಬದಲು ಮಾಡಿ ನೋಡುತ್ತೇವೆ. ವಾಕ್ಯದಲ್ಲಿ ಎರಡು ಪದಗಳ ಜಾಗವನ್ನು ಬದಲಿಸಿದಾಗ ಅರ್ಥ ಮುರಿದುಬಿದ್ದರೆ, ಎರಡೂ ಪದಗಳು ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದವು ಎಂದರ್ಥ. ‘ನೆಂಟರು ಹೆಚ್ಚಾದ ಮನೆಯಲ್ಲಿ ಮಣೆಗೆ ಬರ’ ಎಂಬುದನ್ನು ತಿರುಗಿಸಿದರೆ ‘ನೆಂಟರು ಹೆಚ್ಚಾದ ಮಣೆಯಲ್ಲಿ ಮನೆಗೆ ಬರ’ ಎಂದಾಗುತ್ತದೆ. ನಗು ಬರುತ್ತದೆ, ವಾಕ್ಯ ಗೆಲ್ಲುತ್ತದೆ. ಮೂಟೆ ವಾಕ್ಯವನ್ನು ಹೇಗೆ ತಿರುಗಿಸಿದರೂ ಏನೂ ಆಗುವುದಿಲ್ಲ. ‘ಹಲ್ಲಿ ಮತ್ತು ಹಳ್ಳಿಯನ್ನು ನೋಡಿದೆ’ ಎಂದರೂ ಅಷ್ಟೇ.

ಈ ಪರೀಕ್ಷೆಯನ್ನು ಸೋಲಿಸಿದ ವಾಕ್ಯ ಒಂದಿದೆ. ಮೆಕ್ಕೆಜೋಳ ಬೆಳೆಯುವ ಮನೆಯ ಹುಡುಗನೊಬ್ಬ ‘ಬೆಳೆ ಇದ್ದ ವರ್ಷ ಬೆಲೆ ಇಲ್ಲ, ಬೆಲೆ ಇದ್ದ ವರ್ಷ ಬೆಳೆ ಇಲ್ಲ’ ಎಂದ. ತಿರುಗಿಸಿ ನೋಡಿ: ವಾಕ್ಯ ಮತ್ತೆ ಅದೇ ಆಗುತ್ತದೆ. ನಿಯಮದ ಪ್ರಕಾರ ಅದಕ್ಕೆ ಬೀಜವಿಲ್ಲ ಎಂದು ಒಬ್ಬಳು ವಾದಿಸಿದಳು. ಬೀಜ ಕೊಡದಿದ್ದರೆ ಬೆಳೆ ಹೇಗೆ ಬರುತ್ತದೆ ಎಂದು ಅವನು ಕೇಳಿದ. ಕೊಟ್ಟೆವು.

ಸದ್ದು ಪೂರ್ತಿ ಒಂದೇ ಆಗಿದ್ದು ಅರ್ಥ ಎರಡಿದ್ದರೆ ಒಪ್ಪಬಹುದೇ?

ಧಾರಾಳವಾಗಿ ಒಪ್ಪಬಹುದು, ಅದು ಆಟದ ಎರಡನೆಯ ಸುತ್ತು. ‘ಹತ್ತು ಮೆಟ್ಟಿಲು ಹತ್ತು’, ‘ಕಾಡು ಬಿಟ್ಟರೂ ಕಾಡುವ ನೆನಪು’ ಎಂಬಂಥವು ಬೇಗ ಹೊಳೆಯುತ್ತವೆ. ಚಿತ್ರದುರ್ಗಕ್ಕೆ ಪ್ರವಾಸ ಹೊರಟ ಹಿಂದಿನ ರಾತ್ರಿ ತಾಯಿಯೊಬ್ಬರು ಮಗನಿಗೆ ಹೇಳಿದ ಮಾತು ನಮ್ಮ ಹಲಗೆಯ ಮೇಲೆ ಬಹುಕಾಲ ಉಳಿದಿತ್ತು: ‘ಏಳು ಸುತ್ತಿನ ಕೋಟೆಯನ್ನು ಸುತ್ತಬೇಕಾದರೆ ಏಳಕ್ಕೆ ಮೊದಲೇ ಏಳು.’ ಎರಡು ಜೋಡಿ ಒಂದೇ ವಾಕ್ಯದಲ್ಲಿ, ಅದೂ ಆಟವೆಂಬ ಎಚ್ಚರವಿಲ್ಲದೆ. ಕಾವ್ಯಮೀಮಾಂಸೆಯಲ್ಲಿ ಅದೇ ಅಕ್ಷರಗಳು ಬೇರೆ ಅರ್ಥದಲ್ಲಿ ಮರಳಿ ಬಂದರೆ ಯಮಕವೆಂದೂ, ಒಮ್ಮೆಯೇ ಬಂದು ಎರಡು ಅರ್ಥ ಕೊಟ್ಟರೆ ಶ್ಲೇಷವೆಂದೂ ಹೆಸರು. ನಮ್ಮದು ಯಮಕದ ಕಡೆಯವರ ಆಟ.

ಇಂದು ಒಂದೇ ಆಗಿರುವ ಕೆಲವು ಪದಗಳು ಹಿಂದೆ ಬೇರೆಬೇರೆಯಾಗಿದ್ದವು ಎಂಬುದು ತಿಳಿದರೆ ಈ ಸುತ್ತು ಇನ್ನಷ್ಟು ಹಿಡಿಸುತ್ತದೆ. ಹಳಗನ್ನಡದಲ್ಲಿ ರಕಾರದ ಜೊತೆಗೆ ಶಕಟರೇಫವೆಂಬ ಱ, ಳಕಾರದ ಜೊತೆಗೆ ರಳವೆಂಬ ೞ ಇದ್ದವು. ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಕತ್ತಿ ‘ಬಾಳ್’, ಬದುಕು ‘ಬಾೞ್’. ಕತ್ತರಿಸುವುದು ‘ಅರಿ’, ತಿಳಿಯುವುದು ‘ಅಱಿ’. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣದಲ್ಲಿ ಳಕಾರದ ಬಗೆಗಳನ್ನು ರಳ, ಕುಳ, ಕ್ಷಳ ಎಂದು ಬಿಡಿಸಿ ತೋರಿಸಿದ್ದಾನೆ. ಕಾಲಕ್ರಮದಲ್ಲಿ ೞ ಹೋಗಿ ಳಕಾರದಲ್ಲಿ ಸೇರಿತು, ಱ ಹೋಗಿ ರಕಾರದಲ್ಲಿ ಸೇರಿತು. ಅಕ್ಷರ ಕಳೆದುಕೊಂಡಿದ್ದಕ್ಕೆ ಪಂಡಿತರು ಮರುಗಿದರೂ, ‘ಹಾಲು ಕರೆಯುವಾಗ ನನ್ನನ್ನು ಕರೆಯಬೇಡ’ ಎಂಬ ವಾಕ್ಯ ನಮಗೆ ದಕ್ಕಿದ್ದು ಆ ನಷ್ಟದಿಂದಲೇ.

ನಮ್ಮ ಮನೆಯಲ್ಲಿ ಹಕಾರ ಹೇಳುವ ರೂಢಿಯಿಲ್ಲ. ಮಕ್ಕಳು ತಪ್ಪು ಕಲಿಯುತ್ತಾರೆಯೇ?

ಹಳ್ಳಿಯ ಮಾತಿನಲ್ಲಿ ಪದದ ಮೊದಲ ಹಕಾರ ಉದುರುವುದು ರೂಢಿ, ತಪ್ಪಲ್ಲ. ಹಿರಿಯರೊಬ್ಬರು ಅಂಗಳದ ಕಡೆ ಕೈತೋರಿ ‘ಅಕ್ಕಿ ಅಕ್ಕಿ ತಿಂತೈತೆ’ ಎಂದರೆ, ಅಕ್ಕಿಯೇ ಹಕ್ಕಿಯನ್ನು ತಿಂದಿತೆಂದು ಇಲ್ಲಿಯವರೆಗೆ ಯಾವ ಮಗುವೂ ತಿಳಿದದ್ದಿಲ್ಲ. ಆದ್ದರಿಂದ ಮಾತಾಡುವ ಸುತ್ತಿನಲ್ಲಿ ಮನೆಯ ನುಡಿ ನಡೆಯಲಿ. ಅಲ್ಲಿ ಅಕ್ಕಿ–ಹಕ್ಕಿ, ಆಡು–ಹಾಡು, ಆರು–ಹಾರು ಎಂಬವು ಪೂರ್ತಿ ಒಂದೇ ಸದ್ದಿನ ಜೋಡಿಗಳಾಗುತ್ತವೆ, ಅಷ್ಟೇ. ಬರೆಯುವ ಸುತ್ತಿನಲ್ಲಿ ಮಾತ್ರ ಹಕಾರ ಬೇಕು.

ಹೀಗೆ ಮನೆಯ ಮಾತನ್ನು ನಗೆಗೀಡು ಮಾಡದೆ ಬರಹದ ರೂಪವನ್ನು ಕಲಿಸಬಹುದು ಎಂಬುದು ನನ್ನ ಅನುಭವ. ಹಕಾರವೇ ನಡುವೆ ಬಂದದ್ದು ಎಂಬುದನ್ನೂ ಮರೆಯಬಾರದು: ಹಳಗನ್ನಡದಲ್ಲಿ ಹಕ್ಕಿ ‘ಪಕ್ಕಿ’, ಹಾಡು ‘ಪಾಡು’, ಹಾಲು ‘ಪಾಲ್’. 10ನೆಯ ಶತಮಾನದ ಪಂಪನ ಕಾಲದ ಮಕ್ಕಳಿಗೆ ಅಕ್ಕಿಯೂ ಪಕ್ಕಿಯೂ ಇಷ್ಟು ಸುಲಭದ ಜೋಡಿಯಾಗಿರಲಿಲ್ಲ.

ಮನೆಮಾತು ಕನ್ನಡವಲ್ಲದ ಮಕ್ಕಳು ಆಡಬಹುದೇ?

ಖಂಡಿತ ಆಡಬಹುದು. ನಮ್ಮ ಓಣಿಯಲ್ಲಿ ಉರ್ದು ಮಾತಾಡುವ ಮನೆಗಳಿವೆ, ಮೊಳಕಾಲ್ಮೂರು ಮತ್ತು ಚಳ್ಳಕೆರೆಯ ಕಡೆಯಿಂದ ಬಂದ ತೆಲುಗು ಮನೆಗಳಿವೆ. ತೆಲುಗಿನಲ್ಲಿ ಳಕಾರವಿದೆ, ಉರ್ದುವಿನಲ್ಲಿ ಳಕಾರವೂ ಇಲ್ಲ, ಣಕಾರವೂ ಇಲ್ಲ. ಆದುದರಿಂದ ಉರ್ದು ಮನೆಮಾತಿನ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ ಅದು ಅಜಾಗರೂಕತೆಯಲ್ಲ, ಕಿವಿಗೆ ಆ ಭೇದ ಇನ್ನೂ ಪರಿಚಯವಾಗಿಲ್ಲ ಎಂದಷ್ಟೇ ಅರ್ಥ. ಅಂಥ ಮಗುವಿಗೆ ಮೊದಲು ಹೇಳುವ ಸರದಿ ಕೊಡಬೇಡಿ, ಕೇಳುವ ಸರದಿ ಕೊಡಿ: ನೀವು ‘ಬಳೆ’ ಎಂದಾಗ ಕೈ ತೋರಿಸಲಿ, ‘ಬಲೆ’ ಎಂದಾಗ ಮೀನು ಹಿಡಿಯುವ ನಟನೆ ಮಾಡಲಿ. ಕಿವಿ ಪಳಗಿದ ಮೇಲೆ ನಾಲಿಗೆ ತಾನೇ ದಾರಿ ಹಿಡಿಯುತ್ತದೆ. ಯಾರ ಉಚ್ಚಾರಣೆಯನ್ನೂ ಅಣಕಿಸಬಾರದು ಎಂಬುದು ನಮ್ಮಲ್ಲಿ ಬರೆಯದ ನಿಯಮ.

ಊರಿನ ಹೆಸರುಗಳನ್ನು ಸೇರಿಸಬಹುದೇ?

ಸೇರಿಸಲೇಬೇಕು ಎನ್ನುತ್ತೇನೆ. ನಮ್ಮ ಎರಡು ಜಿಲ್ಲೆಗಳ ಊರುಗಳಷ್ಟು ಆಟಕ್ಕೆ ಒದಗುವ ಹೆಸರುಗಳು ಬೇರೆಲ್ಲಿವೆಯೋ ಕಾಣೆ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಾದ್ದರಿಂದ ಎರಡೂ ಕಡೆಯ ಹೆಸರುಗಳನ್ನು ನಾವು ನಮ್ಮವೆಂದೇ ಎಣಿಸುತ್ತೇವೆ. ‘ಹಿರಿಯೂರಿನ ಹಿರಿಯರು’, ‘ಜಗಳೂರಿಗೆ ಹೋಗುವ ಬಸ್ಸಿನಲ್ಲಿ ಸೀಟಿಗಾಗಿ ಜಗಳ’ ಎಂಬವು ಯಾರಿಗಾದರೂ ಹೊಳೆಯುತ್ತವೆ. ‘ಮೊಳಕಾಲ್ಮೂರಿನ ಸೀರೆ ಉಟ್ಟು ಮೊಳಕಾಲೂರಿ ನಮಸ್ಕರಿಸಿದಳು’ ಎಂಬುದಕ್ಕೆ ಸ್ವಲ್ಪ ಯೋಚಿಸಬೇಕು. ಹರಿಹರದ ಬಗ್ಗೆ ಬಂದ ವಾಕ್ಯ ನನಗೆ ಎಲ್ಲಕ್ಕಿಂತ ಮೆಚ್ಚು: ‘ಹರಿಹರದಲ್ಲಿ ಹರಿಯುವ ಹೊಳೆಯನ್ನು ಅರ್ಧ ಹರಿ ನೋಡುತ್ತಾನೆ, ಅರ್ಧ ಹರ ನೋಡುತ್ತಾನೆ.’ ಅಲ್ಲಿನ ಹರಿಹರೇಶ್ವರನ ಮೂರ್ತಿ ಅರ್ಧ ವಿಷ್ಣು, ಅರ್ಧ ಶಿವ. ಊರಿನ ಪಕ್ಕದಲ್ಲಿ ತುಂಗಭದ್ರೆ. ಹೆಸರನ್ನು ಬಿಡಿಸಿದರೆ ಊರೇ ಬಿಚ್ಚಿಕೊಂಡಂತಾಯಿತು.

ಕಲ್ಲು–ಕಳ್ಳ ಜೋಡಿಗೆ ದುರ್ಗದ ಕಡೆಯವರೊಬ್ಬರು ಕೊಟ್ಟ ಉತ್ತರವೂ ಇಲ್ಲಿಯೇ ಸೇರಬೇಕು: ‘ಕಲ್ಲಿನ ಕೋಟೆಗೂ ಒಂದು ಕಳ್ಳದಾರಿ ಇತ್ತು.’ ಹೈದರಾಲಿಯ ಸೈನಿಕರು ನುಸುಳಿದರೆಂದು ಹೇಳುವ, ಒನಕೆ ಓಬವ್ವನ ಹೆಸರಿನಲ್ಲೇ ಉಳಿದಿರುವ ಆ ಕಿಂಡಿಯನ್ನು ನೋಡಿದ ಮಕ್ಕಳಿಗೆ ಮುಂದಿನ ಕತೆ ಹೇಳಬೇಕಾಗಲಿಲ್ಲ.

ಇಂಗ್ಲಿಷಿನಿಂದ ಬಂದ ಪದಗಳು ನಡೆಯುತ್ತವೆಯೇ?

ಅಡುಗೆಮನೆಯಲ್ಲೂ ಅಂಗಡಿಯಲ್ಲೂ ಎಲ್ಲರೂ ಆಡುವ ಪದವಾದರೆ ನಡೆಯುತ್ತದೆ. ‘ಬಸ್ಸು ಬರುವ ಹೊತ್ತಾಯಿತು, ಬೇಗ ಅನ್ನ ಬಸಿ’ ಎಂಬುದನ್ನು ತಿರಸ್ಕರಿಸಲು ನನಗೆ ಮನಸ್ಸು ಬರಲಿಲ್ಲ.

ದನ–ಧನದಂಥ ಮಹಾಪ್ರಾಣದ ಜೋಡಿಗಳು?

ಬರವಣಿಗೆಯಲ್ಲಿ ಬಲು ಚೆನ್ನ, ಬಾಯಲ್ಲಿ ಕಷ್ಟ. ಆಡುಮಾತಿನಲ್ಲಿ ಮಹಾಪ್ರಾಣವನ್ನು ನಾವು ಯಾರೂ ಉಳಿಸಿಕೊಂಡಿಲ್ಲ. ‘ದನವೇ ರೈತನ ಧನ’ ಎಂದು ಹೇಳುವಾಗ ಎದೆಯ ಮೇಲೆ ಕೈಯಿಟ್ಟು ಉಸಿರು ತಳ್ಳುವವರನ್ನು ನೋಡಿದರೆ ನಾಟಕದ ಪಾತ್ರಧಾರಿಗಳು ನೆನಪಾಗುತ್ತಾರೆ. ಶರ–ಸರ ಮುಂತಾದ ಶಕಾರ–ಸಕಾರದ ಜೋಡಿಗಳೂ ಬರೆಯುವ ಸುತ್ತಿಗೇ ಇರಲಿ.

ಬಿಡಬೇಕಾದ ಪದಗಳು ಇವೆಯೇ?

ಇವೆ. ಜಾತಿಯನ್ನು ಹೀಗಳೆಯಲು ಬಳಕೆಯಾದ ಪದಗಳನ್ನು ಒಳಗೊಂಡ ಜೋಡಿಗಳನ್ನು ದೊಡ್ಡವರು ಮೊದಲೇ ತೆಗೆದಿಡಬೇಕು. ಈ ಕಾರಣಕ್ಕೆ ‘ಹೊಳೆ’ಗೆ ನಾವು ಜೋಡಿ ಕೇಳುವುದಿಲ್ಲ.

ಅಂಕ ಕೊಡುವುದು ಹೇಗೆ? ಜಗಳವಾದರೆ?

ಮೂಟೆಯಲ್ಲದ ವಾಕ್ಯಕ್ಕೆ ಒಂದು ಹುಣಸೆಬೀಜ, ಎರಡು ಪದಗಳ ನಡುವೆ ಕಾರಣದ ನಂಟಿದ್ದರೆ ಎರಡು, ಕೇಳಿದವರು ತಾವಾಗಿ ನಕ್ಕರೆ ಅಥವಾ ಸುಮ್ಮನಾದರೆ ಮೂರು. ಮೊದಲು ಬೀಜದ ಬದಲು ಮಂಡಕ್ಕಿ ಎಣಿಸುತ್ತಿದ್ದೆವು. ಲೆಕ್ಕ ಮುಗಿಯುವ ಹೊತ್ತಿಗೆ ಗೆದ್ದವನ ಮುಂದೆ ಏನೂ ಉಳಿದಿರುತ್ತಿರಲಿಲ್ಲ. ಈಗ ಮಂಡಕ್ಕಿ, ಮೆಣಸಿನಕಾಯಿ ಆಟ ಮುಗಿದ ಮೇಲೆ ಬರುತ್ತವೆ.

ಪದಕ್ಕೆ ವಿಭಕ್ತಿ ಪ್ರತ್ಯಯ ಸೇರಿದರೆ ದೋಷವಿಲ್ಲ: ಕಾಲಿಗೆ, ಕಾಳನ್ನು, ಬಳೆಯಿಂದ ಎಲ್ಲವೂ ಸರಿ. ಅರ್ಥದ ಬಗ್ಗೆ ವಾದ ಎದ್ದರೆ ನಿಘಂಟು ತೆಗೆಯುವುದು ಒಳ್ಳೆಯ ಅಭ್ಯಾಸ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಲ್ಲಿದೆ, ಮನೆಗೆ ಸಂಕ್ಷಿಪ್ತ ನಿಘಂಟು ಸಾಕು. ಸದ್ದಿನ ಬಗ್ಗೆ ವಾದ ಎದ್ದರೆ ತಪ್ಪು ಹೇಳಿದವರದೇ ಹೊರತು ಕೇಳಿದವರದಲ್ಲ. ಒಮ್ಮೆ ನೆಗಡಿಯಾಗಿದ್ದ ನಾನು ‘ಎಳೆ’ ಎಂದದ್ದು ಎಲ್ಲರಿಗೂ ‘ಎಲೆ’ ಎಂದೇ ಕೇಳಿಸಿತ್ತು, ಆರು ವಾಕ್ಯಗಳನ್ನು ನಾನು ತಪ್ಪೆಂದು ತಳ್ಳಿಹಾಕಿದೆ. ಅಂದಿನಿಂದ ಹೇಳುವವರು ಎರಡು ಸಲ ಹೇಳಬೇಕು, ಆಡುವವರು ಒಮ್ಮೆ ಮರಳಿ ನುಡಿದು ಒಪ್ಪಿಗೆ ಪಡೆಯಬೇಕು.

ವಾಟ್ಸಾಪ್ ಗುಂಪಿನಲ್ಲಿ ಆಡಬಹುದೇ?

ಆಡಬಹುದು, ಆದರೆ ಧ್ವನಿ ಸಂದೇಶದಲ್ಲಿ ಆಡಿದರೆ ಚೆನ್ನ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರಿಗೆ ಹಳ್ಳಿಯೂ ಹಲ್ಲಿಯೂ ಒಂದೇ ಆಗಿಬಿಡುವುದರಿಂದ ಆಟಕ್ಕೆ ಆಧಾರವೇ ತಪ್ಪುತ್ತದೆ. ಕನ್ನಡದ ಹಲವು ಕೀಲಿಮಣೆಗಳಲ್ಲಿ ಚಿಕ್ಕಕ್ಷರದ ಎಲ್ ಒತ್ತಿದರೆ ಲಕಾರ, ದೊಡ್ಡಕ್ಷರದ ಎಲ್ ಒತ್ತಿದರೆ ಳಕಾರ ಮೂಡುತ್ತದೆ. ಎನ್ ಅಕ್ಷರಕ್ಕೂ ಇದೇ ಕ್ರಮ. ಬೆರಳು ಅವಸರಪಟ್ಟು ‘ಊಟದ ಎಳೆ’ ಎಂದು ಕಳಿಸಿದವರನ್ನು ನಾವು ಒಂದು ವಾರ ಬಿಡಲಿಲ್ಲ.

ನಾಲಿಗೆ ಹೊರಳದ ವಾಕ್ಯಗಳಿಗೂ ಇದಕ್ಕೂ ಏನು ವ್ಯತ್ಯಾಸ?

‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಎಂದು ಬೇಗಬೇಗ ಹೇಳಿಸುವಾಗ ಸೋಲಿಸುವುದೇ ಉದ್ದೇಶ. ಅಲ್ಲಿ ಅಕ್ಷರಗಳು ಗುಂಪುಗೂಡಿ ನಾಲಿಗೆಯನ್ನು ಕಟ್ಟಿಹಾಕುತ್ತವೆ. ನಮ್ಮ ಆಟದಲ್ಲಿ ವೇಗಕ್ಕೆ ಬೆಲೆಯಿಲ್ಲ. ಆದರೂ ಮೈ ಚಳಿ ಬಿಡಲಿ ಎಂದು ಮೊದಲ ಐದು ನಿಮಿಷ ತರೀಕೆರೆಯ ಏರಿ ಹತ್ತಿಸುವುದುಂಟು.

ಪರೀಕ್ಷೆಗೆ ಇದರಿಂದ ಉಪಯೋಗವಾಗುತ್ತದೆಯೇ?

ಕಾಗುಣಿತದ ತಪ್ಪು ಕಡಿಮೆಯಾಗುವುದನ್ನು ಕಂಡಿದ್ದೇನೆ. ಆದರೆ ಅದಕ್ಕೆಂದೇ ಆಡಿಸಿದ ಮನೆಗಳಲ್ಲಿ ಆಟ ಒಂದು ತಿಂಗಳೂ ಬಾಳಲಿಲ್ಲ.

ಎರಡರ ಬದಲು ಮೂರು, ನಾಲ್ಕು ಪದ ಕೊಟ್ಟರೆ?

ದೊಡ್ಡವರು ತಾವಾಗಿಯೇ ಈ ಹಂತಕ್ಕೆ ಬರುತ್ತಾರೆ. ಬೆಲ್ಲ, ಬಳ್ಳ, ಬಲ್ಲ ಎಂಬ ಮೂರಕ್ಕೆ ಕಿರಾಣಿ ಅಂಗಡಿಯಲ್ಲಿ ಕೂತು ಬೆಳೆದವರೊಬ್ಬರು, ‘ಬೆಲ್ಲವನ್ನು ಬಳ್ಳದಲ್ಲಿ ಅಳೆಯಲು ಹೊರಟವನು ವ್ಯಾಪಾರ ಬಲ್ಲವನಲ್ಲ’ ಎಂದು ಕೂಡಲೇ ಹೇಳಿದರು. ಕಾಳು ಅಳೆಯುವ ಬಳ್ಳವನ್ನು ನೋಡದ ಮಕ್ಕಳಿಗೆ ಅದನ್ನು ವಿವರಿಸುವುದರಲ್ಲಿ ಉಳಿದ ಸಂಜೆ ಕಳೆಯಿತು. ಕೋಣ–ಕೋನ ಎರಡೇ ಪದವಾದರೂ ಮೂರು ವಾರ ಕಾಡಿತು. ಕೊನೆಗೆ ಐದನೆಯ ತರಗತಿಯವಳೊಬ್ಬಳು ‘ಕೋಣ ಯಾವ ಕೋನದಲ್ಲಿ ತಿರುಗುತ್ತದೆಂದು ನೋಡಿಕೊಂಡು ಓಡಬೇಕು’ ಎಂದು ಬಿಡಿಸಿದಳು.

ಹುಲಿ, ಹುಳಿ, ಉಳಿ ಎಂಬ ಮೂರು ಪದಗಳಿಗೆ ಮಾತ್ರ ಮೂಟೆಯಲ್ಲದ ವಾಕ್ಯ ಇನ್ನೂ ಬಂದಿಲ್ಲ. ಕೊನೆಯದನ್ನು ಬಡಗಿಯ ಉಳಿ ಎಂದಾದರೂ ತೆಗೆದುಕೊಳ್ಳಬಹುದು, ಉಳಿಯುವುದು ಎಂದಾದರೂ ತೆಗೆದುಕೊಳ್ಳಬಹುದು. ಕಳೆದ ಬೇಸಿಗೆಯಲ್ಲಿ ಹಲಗೆಯ ಮೂಲೆಯಲ್ಲಿ ಬರೆದ ಆ ಮೂರು ಪದಗಳನ್ನು ಯಾರೂ ಒರೆಸಿಲ್ಲ.